ಪಿಳ್ಳೇಗೌಡರ ಟರ್ಬೊ, ಜಯಮ್ಮನವರ ತವರು

ನಾನು ಓದು ನಿಲ್ಲಿಸಿದ್ದು ೧೯೭೧ರಲ್ಲಿ, ಎಂಟನೇ ತರಗತಿಯ ನಡುವೆ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಚಿಕ್ಕಜಾಲದಲ್ಲಿ ಈಗಲೂ ಕೆಲವರು ಹಾಗೆ ಹೇಳಿಕೊಂಡು ತಿರುಗುತ್ತಾರೆ. ಪರೀಕ್ಷೆಗೆ ಕೂತರೆ ತಾನೇ ಫೇಲಾಗುವುದು, ನಾನು ಕೂರಲೇ ಇಲ್ಲ. ಓದುವುದಾದರೆ ಓದು, ಇಲ್ಲದಿದ್ದರೆ ಕೈಗೊಂದು ಕೆಲಸ ಹಿಡಿ, ಎರಡೂ ಬಿಟ್ಟು ಕೆರೆ ಏರಿಯ ಮೇಲೆ ಕೂರಬೇಡ ಎಂದು ಅಪ್ಪ ಹೇಳಿದರು. ಮಾರನೇ ವಾರ ನಾನು ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದಿನ ಒಂದು ಸೈಲೆನ್ಸರ್ ಅಂಗಡಿಯಲ್ಲಿ ಪೈಪಿನ ಒಂದು ತುದಿ ಹಿಡಿದು ನಿಂತಿದ್ದೆ. ಇನ್ನೊಂದು ತುದಿ ಹಿಡಿದಿದ್ದವರು ದಸ್ತಗಿರಿ ಮೇಸ್ತ್ರಿ.

ಈಗ ಈ ಕೆಲಸಕ್ಕೆ ಬರುವ ಹುಡುಗರು ಆಗಾಗ ಮನೆಗೆ ಬಂದು, "ಸಾರ್, ಆಗಿನ ಕಾಲದ್ದು ಏನಾದ್ರೂ ಹೇಳಿ" ಅನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ದೊಡ್ಡ ವೆಲ್ಡರ್ ಆದೆ, ಯಾವಾಗ ಅಂಗಡಿಯಲ್ಲಿ ಪಾಲುದಾರನಾದೆ ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅದನ್ನು ಓದಿ ಯಾರಿಗೂ ಪೈಪು ಬಗ್ಗಿಸಲು ಬರುವುದಿಲ್ಲ.

ಪೈಪು ಬಗ್ಗಿಸುವುದೆಂದರೆ ಈಗಿನ ಹಾಗೆ ಮೆಷಿನ್ನಿಗೆ ಕೊಟ್ಟು ಟೀ ಕುಡಿಯಲು ಹೋಗುವುದಲ್ಲ. ಪೈಪಿನ ಒಳಗೆ ಮರಳು ತುಂಬಬೇಕು, ಎರಡೂ ತುದಿಗೆ ಮರದ ಬೆಣೆ ಬಡಿಯಬೇಕು, ಕೆಂಪಗೆ ಕಾಯಿಸಬೇಕು, ಆಮೇಲೆ ನಿಧಾನವಾಗಿ ಎಳೆಯಬೇಕು. ಒಳಗೆ ಮರಳಿಲ್ಲದಿದ್ದರೆ ಪೈಪು ಬಾಗುವ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಆ ಮರಳಿನಲ್ಲಿ ಒಂದು ಹನಿ ತೇವವೂ ಇರಕೂಡದು. ಅದಕ್ಕೇ ದಿನಾ ಬೆಳಗ್ಗೆ ದೊಡ್ಡ ಬಾಣಲೆಯಲ್ಲಿ ಮರಳು ಹುರಿಯುತ್ತಿದ್ದೆವು. ಮರಳು ಹೇಗೂ ಕಾದಿರುತ್ತದಲ್ಲ ಎಂದು ಅದರಲ್ಲೇ ನಾಲ್ಕು ಹಿಡಿ ಕಡಲೆಕಾಯಿ ಹಾಕುವುದು ನಮ್ಮ ಅಂಗಡಿಯ ಪದ್ಧತಿ. ಯಶವಂತಪುರದಲ್ಲಿ ನಮ್ಮ ಕೆಲಸದ ಹೆಸರು ಹೇಗಿತ್ತೋ ಗೊತ್ತಿಲ್ಲ, ಕಡಲೆಕಾಯಿಗೆ ಒಳ್ಳೆಯ ಹೆಸರಿತ್ತು.

ಒಂದು ಮಳೆಗಾಲದಲ್ಲಿ ಕಡಲೆಕಾಯಿ ಮುಗಿದಿತ್ತು. ಕಡಲೆಕಾಯಿ ಇಲ್ಲದ ಮೇಲೆ ಮರಳು ಹುರಿಯಲು ಯಾರಿಗೂ ಉತ್ಸಾಹ ಬರಲಿಲ್ಲ. ಮೇಲೆ ಒಣಗಿದ ಹಾಗೆ ಕಂಡ ಮರಳನ್ನೇ ತುಂಬಿ ಪೈಪನ್ನು ಕುಲುಮೆಗೆ ಇಟ್ಟೆವು. ಒಳಗಿನ ತೇವ ಆವಿಯಾಯಿತು. ಫಟ್ ಎಂದು ಬೆಣೆ ಹಾರಿ, ರಸ್ತೆ ದಾಟಿ, ಎದುರಿನ ರಾಮಯ್ಯನ ಹೋಟೆಲಿನ ಟೀ ಕೆಟಲಿಗೆ ಬಡಿಯಿತು. ಕೆಟಲು ಒಂದು ಸುತ್ತು ತಿರುಗಿ ಬೆಂಚಿನ ಮೇಲೆ ಸರಿಯಾಗಿ ಕೂತಿತು, ಮೂತಿ ಮಾತ್ರ ಹಿಂದಕ್ಕೆ ಬಾಗಿತ್ತು. ರಾಮಯ್ಯ ಅದನ್ನು ನಮ್ಮ ಹತ್ತಿರವೇ ತಂದು, ಬಗ್ಗಿಸಿದವರೇ ನೆಟ್ಟಗೆ ಮಾಡಿಕೊಡಿ ಅಂದ. ಅಂದಿನಿಂದ ಅವನು ಕೆಟಲನ್ನು ಗೋಡೆಯ ಮರೆಯಲ್ಲಿ ಇಡತೊಡಗಿದ.

ದಸ್ತಗಿರಿ ಮೇಸ್ತ್ರಿಗೆ ಓದು ನನಗಿಂತ ಕಡಿಮೆ. ಕೋಪ ನನಗಿಂತ ಜಾಸ್ತಿ. ಗಾಡಿ ಬಂದರೆ ಅವರು ಬಾನೆಟ್ ಎತ್ತುತ್ತಿರಲಿಲ್ಲ. ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಹೊಗೆಯ ಬಡಿತ ನೋಡುತ್ತಿದ್ದರು. ವೈದ್ಯರು ನಾಡಿ ನೋಡಿದ ಹಾಗೆ. ಅವರ ಮಾತು ಒಂದೇ: "ಪೈಪು ಅಂದ್ರೆ ಗಾಡೀದು ಮೂಗು ಬೇಟಾ. ಮೂಗು ಕಟ್ಟಿದ್ರೆ ಪೈಲ್ವಾನ್ ಕೂಡ ಬೀಳ್ತಾನೆ."

ಇದು ನನಗೆ ಅರ್ಥವಾದದ್ದು ಆರ್.ಟಿ. ನಗರದ ಒಬ್ಬ ಗುಮಾಸ್ತರಿಂದ. ಅವರ ಮನೆ ಮಾಲೀಕರು ಕೆಳಗಿನ ಮನೆಯಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು. ಕಾರಿನ ಸದ್ದು ಕೇಳಿದರೆ ಸಾಕು, ಗೇಟಿಗೆ ಬಂದು ನಿಂತು ತಮ್ಮ ಮೂತ್ರಕೋಶದ ಕಲ್ಲಿನ ಕಥೆ ಶುರು ಮಾಡುತ್ತಿದ್ದರು. ತಪ್ಪಿಸಿಕೊಳ್ಳಲು ಗುಮಾಸ್ತರು ನಮ್ಮ ಹತ್ತಿರ ಬಂದು, ಕಾರಿನಿಂದ ಒಂದಿಷ್ಟೂ ಸದ್ದು ಬರಬಾರದು ಅಂದರು. ನಾವು ಒಂದರ ಹಿಂದೆ ಒಂದು ಮೂರು ಸೈಲೆನ್ಸರ್ ಕೂರಿಸಿದೆವು. ಕಾರು ಬೆಕ್ಕಿನ ಹಾಗೆ ಹೋಯಿತು. ಆದರೆ ಮೂಗು ಕಟ್ಟಿತ್ತಲ್ಲ, ಗೇಟಿನ ಮುಂದಿನ ಇಳಿಜಾರು ಕಲ್ಲನ್ನು ಹತ್ತಲು ಅದಕ್ಕೆ ಶಕ್ತಿಯೇ ಇರಲಿಲ್ಲ. ದಿನಾ ಸಂಜೆ ಅವರು ಮಾಲೀಕರನ್ನು ತಾವೇ ಕೂಗಿ ಕರೆದು, ಇಬ್ಬರೂ ಸೇರಿ ಕಾರು ತಳ್ಳಬೇಕಾಯಿತು. ತಳ್ಳುವಾಗಲೂ ಕಲ್ಲಿನ ಕಥೆ ನಡೆಯುತ್ತಿತ್ತಂತೆ. ವಾರದಲ್ಲಿ ಎರಡು ಸೈಲೆನ್ಸರ್ ಬಿಚ್ಚಿಸಿಕೊಂಡು ಹೋದರು.

ಹೀಗೆ, ಪೈಪಿನಲ್ಲಿ ಹೊಗೆ ಸಲೀಸಾಗಿ ಹೋಗಬೇಕು, ಪೈಪು ದೊಡ್ಡದಾದಷ್ಟೂ ಒಳ್ಳೆಯದು ಎಂದು ನಾನೂ ಮೇಸ್ತ್ರಿಯೂ ಹತ್ತು ವರ್ಷ ನಂಬಿಕೊಂಡಿದ್ದೆವು. ಆಗ ಬಂದರು ಪಿಳ್ಳೇಗೌಡರು.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಪಿಳ್ಳೇಗೌಡರು ಬಾಗಲೂರಿನವರು, ದ್ರಾಕ್ಷಿ ತೋಟದವರು, ದೊಡ್ಡ ಶರೀರ. ಅವರು ಕಾರಿನಿಂದ ಇಳಿದರೆ ಕಾರು ಆ ಕಡೆ ನಾಲ್ಕು ಬೆರಳು ಮೇಲೇಳುತ್ತಿತ್ತು. ಅವತ್ತು ಟವೆಲಿನಲ್ಲಿ ಏನೋ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಂದರು. ಬಿಚ್ಚಿ ನೋಡಿದರೆ ಬಸವನಹುಳುವಿನ ಆಕಾರದ ಕಬ್ಬಿಣದ ಗಡ್ಡೆ. ಹೆಬ್ಬಾಳದ ಗುಜರಿಯಲ್ಲಿ ಯಾವುದೋ ವಿದೇಶಿ ಡೀಸೆಲ್ ಕಾರಿನಿಂದ ಬಿಚ್ಚಿದ್ದಂತೆ. ಎರಡು ಮೂಟೆ ದೇವನಹಳ್ಳಿ ಚಕ್ಕೋತ ಕೊಟ್ಟು ತಂದಿದ್ದರು.

"ಇದಕ್ಕೆ ಟರ್ಬೊ ಅಂತಾರಂತೆ ಮೇಸ್ತ್ರಿ. ನಮ್ಮ ಅಂಬಾಸಿಡರ್‌ಗೆ ಆಕ್ಬೇಕು," ಅಂದರು.

ನಿಮ್ಮ ಎಂಜಿನ್ ಸವೆದಿದೆ, ಸಿಲಿಂಡರ್ ಬೋರ್ ಮಾಡಿಸಿದರೆ ಸಾಕು ಎಂದು ಮೇಸ್ತ್ರಿ ಹೇಳಿದರು. ಗೌಡರು ಕೇಳಲಿಲ್ಲ. ಅವರ ಅವಸರಕ್ಕೆ ಒಂದು ಕಾರಣವಿತ್ತು.

ಅವರ ಹೆಂಡತಿ ಜಯಮ್ಮನವರ ತವರು ನಂದಿ ಬೆಟ್ಟದ ಮಗ್ಗುಲಿನ ಒಂದು ಹಳ್ಳಿ. ಊರು ಸೇರುವ ಮುಂಚೆ ರಸ್ತೆಯಲ್ಲಿ ಒಂದು ಮೋರಿ, ಅಲ್ಲಿಂದಲೇ ನೆಟ್ಟಗೆ ಏರುವ ಒಂದು ದಿಣ್ಣೆ. ಎರಡು ವರ್ಷದ ಹಿಂದೆ ಗೌಡರು ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿದ್ದಾಗ ಕಾರು ಆ ದಿಣ್ಣೆಯ ನಡುವೆ ನಿಂತುಬಿಟ್ಟಿತು. ಬಾಮೈದ ಕೃಷ್ಣಪ್ಪ ಊರಿನ ಗಂಡಸರನ್ನು ಕರೆತಂದು ತಳ್ಳಿಸಿದ. ತಳ್ಳುತ್ತಾ, "ಭಾವ, ನೀವೊಬ್ರು ಇಳಿದ್ರೆ ಸಾಕು, ಕಾರು ತಾನೇ ಹತ್ತತ್ತೆ" ಅಂದ. ಜನ ನಕ್ಕರು. ಗೌಡರಿಗೆ ಅವಮಾನವಾಯಿತು. ಯಾರೂ ಇಳಿಯದೆ, ಯಾರೂ ತಳ್ಳದೆ ಈ ಕಾರು ಈ ದಿಣ್ಣೆ ಹತ್ತುವವರೆಗೆ ಈ ಮನೆಯ ಅನ್ನ ಮುಟ್ಟುವುದಿಲ್ಲ ಎಂದು ಅಲ್ಲೇ ಆಣೆ ಇಟ್ಟು ವಾಪಸಾದರು. ಗಂಡ ಕಾಲಿಡದ ಮನೆಗೆ ಹೆಂಡತಿ ಒಬ್ಬಳೇ ಹೋಗಿ ಉಂಡು ಬಂದರೆ ಊರು ಏನನ್ನುತ್ತದೆ? ಹಾಗಾಗಿ ಜಯಮ್ಮನವರೂ ಎರಡು ವರ್ಷದಿಂದ ತಾಯಿಯ ಮುಖ ನೋಡಿರಲಿಲ್ಲ. ಆ ತಾಯಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು.

ಟರ್ಬೊ ಎಂದರೆ ಏನೆಂದು ನಮಗೆ ತಿಳಿಸಿದವರು ಪಾಟೀಲರು. ಧಾರವಾಡದ ಕಡೆಯವರು, ಹತ್ತಿರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ನಮ್ಮ ಅಂಗಡಿಯ ಹಿಂದೆಯೇ ಬಾಡಿಗೆಗಿದ್ದರು. ಸಂಜೆ ಕಡಲೆಕಾಯಿಗೆಂದು ಬರುತ್ತಿದ್ದರು. ಎಂಜಿನ್ನಿನಿಂದ ಹೊರಬರುವ ಹೊಗೆ ಈ ಬಸವನಹುಳುವಿನ ಒಂದು ಕಡೆ ಹೊಕ್ಕು, ಒಂದು ಕಡ್ಡಿಯ ತುದಿಗಿರುವ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಎಂಜಿನ್ನಿನೊಳಗೆ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಬಲ ಹೆಚ್ಚುತ್ತದೆ. ಅಂದರೆ ಹೊಗೆಯನ್ನು ಹೊರಗೆ ಕಳಿಸುವುದಷ್ಟೇ ಅಲ್ಲ, ಅದರ ಕೈಲಿ ಕೆಲಸವನ್ನೂ ಮಾಡಿಸಬೇಕು. ಇದು ನಮಗೆ ಹೊಸದು.

ಎಂಜಿನ್ನಿನಿಂದ ಟರ್ಬೊವರೆಗೆ ಹೊಗೆ ಒಯ್ಯುವುದು ಮ್ಯಾನಿಫೋಲ್ಡ್. ಅಂಬಾಸಿಡರಿಗೆ ಸಿಲಿಂಡರ್ ನಾಲ್ಕಾದರೂ ಹೊಗೆ ಬರುವ ಬಾಯಿ ಮೂರೇ, ನಡುವಿನ ಎರಡಕ್ಕೂ ಸೇರಿ ಒಂದು. ಆ ಮೂರು ಬಾಯಿಂದ ಮೂರು ಪೈಪು ಹೊರಟು ಟರ್ಬೊ ಹತ್ತಿರ ಒಂದಾಗಬೇಕು. ಪುಸ್ತಕದಲ್ಲಿ ಅದಕ್ಕೆ ರನ್ನರ್ ಅನ್ನುತ್ತಾರೆ. ನಾವು ಕೈ ಅನ್ನುತ್ತಿದ್ದೆವು. ಜಗಳ ಶುರುವಾದದ್ದು ಆ ಕೈ ಎಷ್ಟು ದಪ್ಪ ಇರಬೇಕು ಎಂಬಲ್ಲಿ.

ಪಾಟೀಲರು ಒಂದೂಕಾಲು ಇಂಚು ಸಾಕು ಅಂದರು. "ಸಣ್ಣ ಪೈಪ್ ಹಾಕಸ್ರಿ ಗೌಡ್ರ. ಹೊಗಿ ಜೋರಾಗಿ ಬಂದು ಬಡೀಬೇಕು, ಅಂದ್ರ ಚಕ್ರ ಲಗೂ ತಿರಗತೈತಿ. ನಿಮಗ ಬೇಕಾಗಿರೋದು ದಿಣ್ಣಿ ಹತ್ತೋ ಶಕ್ತಿ."

ಗೌಡರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಪಾಟೀಲರು ಒಣಗಿದ ನುಗ್ಗೆಕಾಯಿಯ ಹಾಗಿದ್ದರು. "ನೋಡಿ ಸ್ವಾಮಿ," ಅಂದರು ಗೌಡರು, "ನಮ್ಮನೇಲಿ ಕಂಬ ದಪ್ಪ, ಬಾಗ್ಲು ದಪ್ಪ, ಎತ್ತು ದಪ್ಪ. ಬಾನೆಟ್ ಎತ್ತಿದ್ರೆ ಒಳಗೆ ಕಡ್ಡಿ ಕಡ್ಡಿ ಕಾಣ್ಬಾರ್ದು."

ಇದು ಸುಮ್ಮನೆ ಆಡಿದ ಮಾತಲ್ಲ. ಪ್ರತಿ ಭಾನುವಾರ ಬೆಳಗ್ಗೆ ಗೌಡರು ಕಾರನ್ನು ಬಾಗಲೂರಿನ ಚಾವಡಿ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಊರಿನವರು ಬಂದು ಒಳಗೆ ಇಣುಕಿ, ತಲೆಯಾಡಿಸಿ ಹೋಗಬೇಕು. ರಿಪೇರಿ ಏನೂ ಇರುತ್ತಿರಲಿಲ್ಲ. ಅದೊಂದು ದರ್ಶನ.

ಮೇಸ್ತ್ರಿಯದೂ ನನ್ನದೂ ಮೂಗಿನ ಸಿದ್ಧಾಂತವಾದ್ದರಿಂದ ನಾವು ಗೌಡರ ಪಕ್ಷವೇ ಸೇರಿದೆವು. ಎರಡು ಇಂಚಿನ ಬಾಯ್ಲರ್ ಪೈಪು ಗುಜರಿಯಿಂದ ತಂದು, ಮರಳು ಚೆನ್ನಾಗಿ ಹುರಿದು, ಮೂರು ಕೈ ಬಗ್ಗಿಸಿದೆ. ವೆಲ್ಡಿಂಗ್ ಆದ ಮೇಲೆ ಒಳಗೆ ಒಂದು ಕಾಳು ಮರಳೂ ಉಳಿಯದ ಹಾಗೆ ಬಡಿದು, ಊದಿ, ತೊಳೆದೆ. ಹುಡುಗರೇ, ಇದನ್ನು ಮರೆಯಬೇಡಿ. ಸೈಲೆನ್ಸರಿನಲ್ಲಿ ಮರಳು ಉಳಿದರೆ ಸದ್ದಷ್ಟೇ ಬರುತ್ತದೆ, ಟರ್ಬೊಗೆ ಹೋದರೆ ಚಕ್ರದ ರೆಕ್ಕೆಯನ್ನೇ ತಿನ್ನುತ್ತದೆ. ನನ್ನ ಆ ಮ್ಯಾನಿಫೋಲ್ಡ್ ಎಷ್ಟು ಚೆನ್ನಾಗಿತ್ತೆಂದರೆ ರಾಮಯ್ಯ ಟೀ ಬಿಟ್ಟು ನೋಡಲು ಬಂದ. ಆನೆಯ ಮೂರು ಸೊಂಡಿಲು ಕೂಡಿಕೊಂಡ ಹಾಗಿದೆ ಅಂದ. ಗೌಡರು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮೊದಲ ಪರೀಕ್ಷೆ ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳದಿಂದ ಯಲಹಂಕದ ಕಡೆಗೆ. ಆಗ ಅಲ್ಲಿ ಎತ್ತಿನ ಗಾಡಿಯೇ ಹೆಚ್ಚು. ಗೌಡರು ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ನಾನು, ಹಿಂದೆ ಮೇಸ್ತ್ರಿ ಮತ್ತು ಪಾಟೀಲರು. ಸ್ವಲ್ಪ ದೂರ ಏನೂ ಆಗಲಿಲ್ಲ. ಒಂದು ಸೈಕಲ್ಲು ನಮ್ಮ ಪಕ್ಕದಲ್ಲೇ ಬರುತ್ತಾ, ಏನ್ ಸಮಾಚಾರ ಅನ್ನುವ ಹಾಗೆ ನೋಡಿತು. ಗೌಡರು ಇನ್ನಷ್ಟು ಒತ್ತಿದರು. ಆಮೇಲೆ ಎಲ್ಲಿಂದಲೋ ಒಂದು ಸಿಳ್ಳೆ ಕೇಳಿಸಿತು, ಯಾರೋ ಹಿಂದಿನಿಂದ ಒದ್ದ ಹಾಗೆ ಕಾರು ಮುಂದಕ್ಕೆ ಚಿಮ್ಮಿತು. ಗೌಡರ ಹೆಗಲ ಟವೆಲು ಕಿಟಕಿಯಿಂದ ಹಾರಿಹೋಯಿತು. ಮೇಸ್ತ್ರಿ ಟೋಪಿ ಹಿಡಿದುಕೊಂಡು ಅಲ್ಲಾಹುವನ್ನು ನೆನೆದರು. ಪಾಟೀಲರ ಬಾಯಲ್ಲಿದ್ದ ಕಡಲೆಕಾಯಿ ಗಂಟಲಿಗೆ ಇಳಿಯಿತು.

ಕಾರು ನಿಲ್ಲಿಸಿ ಗೌಡರು ಹಿಂದಕ್ಕೆ ತಿರುಗಿದರು. "ಏನ್ ಸ್ವಾಮಿ, ದಪ್ಪ ಪೈಪು ಏನಂತದೆ?"

ಪಾಟೀಲರು ಕೆಮ್ಮು ನಿಂತ ಮೇಲೆ ಹೇಳಿದರು: "ರೋಡ್ ಸಪಾಟ್ ಐತ್ರಿ ಗೌಡ್ರ. ಓಡ್ಲಿಕ್ಕೆ ಜಾಗಾ ಐತಿ. ನಿಮ್ಮ ಮಾವನ ಮನಿ ಮುಂದ ಹಿಂಗ ಐತೇನು?"

ಗೌಡರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರವೇ ಬರುವುದಾಗಿ ಹೆಂಡತಿಯ ತವರಿಗೆ ಹೇಳಿಕಳಿಸಿದರು. ಎಂಜಿನ್ ನೋಡಿಕೊಳ್ಳಲು ನಾನೂ ಹೋದೆ. ಗೌಡರು, ಅವರ ತಾಯಿ, ಜಯಮ್ಮನವರು, ಮೂರು ಮಕ್ಕಳು, ಒಬ್ಬ ತಂಗಿ, ಒಂದು ಮೂಟೆ ರಾಗಿ, ದ್ರಾಕ್ಷಿ ಬುಟ್ಟಿ. ಜಯಮ್ಮನವರು ಕಾರು ಹೊರಟಾಗಿನಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ದೇವನಹಳ್ಳಿಯವರೆಗೂ ಕಾರು ಹಾರಿತು. ಆಮೇಲೆ ಮೋರಿ ಬಂತು. ಮೋರಿಯ ಮೇಲೆ ಕಲ್ಲು ಎದ್ದಿದ್ದರಿಂದ ಎಂಥವನೂ ನಿಧಾನ ಮಾಡಲೇಬೇಕು. ನಿಧಾನ ಮಾಡಿದರೆ ಹೊಗೆ ಕಡಿಮೆ. ಆ ಕಡಿಮೆ ಹೊಗೆ ಎರಡು ಇಂಚಿನ ಪೈಪಿನಲ್ಲಿ ಮದುವೆ ಮುಗಿದ ಛತ್ರದಲ್ಲಿ ನಾಲ್ಕು ಜನ ಓಡಾಡಿದ ಹಾಗೆ ಓಡಾಡಿಕೊಂಡು ಹೋಯಿತು, ಚಕ್ರವನ್ನು ಮುಟ್ಟಿ ಮಾತಾಡಿಸಿತೇ ಹೊರತು ತಿರುಗಿಸಲಿಲ್ಲ. ಟರ್ಬೊ ಮಲಗಿತ್ತು. ಕಾರು ದಿಣ್ಣೆಯ ಕಾಲು ಭಾಗ ಹತ್ತಿ, ನಡುಗಿ, ನಿಂತಿತು.

ಕೃಷ್ಣಪ್ಪ ಈ ಸಲ ಸಿದ್ಧವಾಗಿಯೇ ಇದ್ದ. ಎಂಟು ಗಂಡಸರು, ಒಂದು ಹಗ್ಗ, ಒಂದು ಜೊತೆ ಎತ್ತು. ಎತ್ತಿನ ಕೊಂಬಿಗೆ ಹೂವನ್ನೂ ಕಟ್ಟಿದ್ದ. ಗೌಡರು ಕಾರನ್ನು ಹಿಂದಕ್ಕೇ ಇಳಿಸಿ ತಿರುಗಿಸಿದರು.

ದಿಣ್ಣೆಯ ತುದಿಯಲ್ಲಿ ಒಬ್ಬ ಮುದುಕಿ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದಳು. ಕಾರು ಬಂದದ್ದು ಕಂಡಿತೋ ಹೋದದ್ದು ಕಂಡಿತೋ ತಿಳಿಯದು, ಅಲ್ಲೇ ನಿಂತಿದ್ದಳು. ಜಯಮ್ಮನವರು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದರು.

ನಾಲ್ಕು ದಿನದ ಮೇಲೆ ಕಾರು ಅಂಗಡಿಗೆ ಬಂತು, ಗೌಡರು ಬಿಟ್ಟು ಹೋದರು. ಟರ್ಬೊ ಕೆಟ್ಟಿದೆ, ಇನ್ನೊಂದು ಸಲ ನೋಡಿ ಅಂದರು. ಮಾರನೇ ದಿನ ಜಯಮ್ಮನವರು ಎರಡು ಬಸ್ಸು ಬದಲಾಯಿಸಿ ಒಬ್ಬರೇ ಬಂದರು. ಅಂಗಡಿಗೆ ಹೆಂಗಸರು ಬಂದದ್ದೇ ಅಪರೂಪ. ಮೇಸ್ತ್ರಿ ಸ್ಟೂಲು ಒರೆಸಿ ಕೊಟ್ಟರು. ಅವರು ಕೂರಲಿಲ್ಲ.

"ಅಣ್ಣಾ, ಯಾವ ಪೈಪ್ ಆಕಿದ್ರೆ ನಾನು ನಮ್ಮವ್ವನ ಮನೆ ಸೇರ್ತೀನಿ, ಅದನ್ನೇಳಿ," ಅಂದರು.

ಪಾಟೀಲರು ಅಲ್ಲೇ ಇದ್ದರು, ಅವತ್ತು ರಜೆ. ಸಣ್ಣ ಪೈಪಿನ ವಿಷಯ ವಿವರಿಸಲು ಹೊರಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯತೊಡಗಿದರು. ಅರ್ಧ ಚಿತ್ರ ಆಗುವಷ್ಟರಲ್ಲಿ ಜಯಮ್ಮನವರು ತಡೆದರು.

"ಅಷ್ಟೇನಾ? ಒಲೆ ಊದೋಕೆ ಯಾರಾದ್ರೂ ಚರಂಡಿ ಪೈಪ್ ಇಟ್ಕಂತಾರಾ? ಊದುಗೊಳವೆ ಸಣ್ಣಕ್ಕಿದ್ರೆ ತಾನೇ ಬೆಂಕಿ ಏಳೋದು."

ಪಾಟೀಲರು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು. ನಾನೂ ಮೇಸ್ತ್ರಿಯೂ ಮುಖ ಮುಖ ನೋಡಿಕೊಂಡೆವು. ಮೂಗಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಆದರೆ ಗೌಡರು ಒಪ್ಪುವುದಿಲ್ಲವಲ್ಲ, ಭಾನುವಾರ ಬಾನೆಟ್ ಎತ್ತಿದರೆ ಕಡ್ಡಿ ಕಾಣುತ್ತದೆ ಎಂದು ಮೇಸ್ತ್ರಿ ಅಂದರು. ಜಯಮ್ಮನವರು ಅದಕ್ಕೂ ದಾರಿ ಹೇಳಿದರು.

"ಚಳಿಗಾಲದಾಗೆ ಸಣಕಲ ಮಕ್ಕಳಿಗೆ ಎಲ್ಡೆಲ್ಡು ಸ್ವೆಟರ್ ಆಕಿದ್ರೆ ಗುಂಡುಗುಂಡಾಗಿ ಕಾಣಲ್ವಾ? ಅಂಗೆ ಇದಕ್ಕೂ ಒಂದು ಆಕಿ. ಅವರಿಗೆ ಏಳ್ಬೇಡಿ, ಅಷ್ಟೇ."

ಹೀಗೆ ಆ ಕೆಲಸ ಮಾಡಿದೆ, ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಒಂದೂಕಾಲು ಇಂಚಿನ ಮೂರು ಕೈ ಹೊಸದಾಗಿ ಬಗ್ಗಿಸಿದೆ. ಹಳೆಯ ದಪ್ಪ ಪೈಪನ್ನು ಬಿದಿರು ಸೀಳಿದ ಹಾಗೆ ಉದ್ದಕ್ಕೆ ಎರಡು ಹೋಳು ಮಾಡಿ, ಸಣ್ಣ ಪೈಪಿನ ಮೇಲೆ ಕವಚದ ಹಾಗೆ ಮುಚ್ಚಿ, ಗೆರೆ ಕಾಣದಂತೆ ಬೆಸುಗೆ ಹಾಕಿ ಉಜ್ಜಿದೆ. ಹೊರಗಿನಿಂದ ಅದೇ ಆನೆಯ ಸೊಂಡಿಲು. ಪಾಟೀಲರು ಬೆರಳಲ್ಲಿ ತಟ್ಟಿ ನೋಡಿ, "ಇದು ಇನ್ನೂ ಚಲೋ ಆತು ನೋಡ್ರಿ. ನಡುವ ಗಾಳಿ ಐತಿ, ಬಿಸಿ ಒಳಗ ಉಳೀತೈತಿ. ಬಿಸಿ ಹೊಗಿ ಇನ್ನೂ ಜೋರ್ ಓಡತೈತಿ," ಅಂದರು. ಒಂದು ಮಾತನ್ನು ಸೇರಿಸಿದರು: ಸಣ್ಣ ಪೈಪಾದ್ದರಿಂದ ಬಳ್ಳಾರಿ ರಸ್ತೆಯಲ್ಲಿ ಮೊದಲಿನ ಹಾಗೆ ಹಾರುವುದಿಲ್ಲ, ವೇಗ ಹೆಚ್ಚಾದಾಗ ಏದುಸಿರು ಬಿಡುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಕಾರು ಎಲ್ಲಿಗೆ ಹೋಗಬೇಕೋ ಅದಕ್ಕೆ ತಕ್ಕ ಪೈಪು.

ಗೌಡರು ಬಂದಾಗ, ಒಳಗೆ ಎಲ್ಲ ಸರಿಮಾಡಿದ್ದೇವೆ ಎಂದಷ್ಟೇ ಹೇಳಿದೆವು. ಅವರು ಬಾನೆಟ್ ಎತ್ತಿ ನೋಡಿ, ದಪ್ಪ ಹಾಗೇ ಇರುವುದನ್ನು ಕಂಡು ಸಮಾಧಾನಪಟ್ಟರು.

ತವರಿಗೆ ಮತ್ತೆ ಹೇಳಿಕಳಿಸಿದ್ದಾಯಿತು, ಮತ್ತೆ ಅದೇ ಜನ, ಅದೇ ಮೂಟೆ. ನಾನು ಮುಂದಿನ ಸೀಟಿನಲ್ಲಿ. ಕೃಷ್ಣಪ್ಪನ ಎಂಟು ಗಂಡಸರೂ ಎತ್ತೂ ಅದೇ ಜಾಗದಲ್ಲಿ. ಮೋರಿಯ ಹತ್ತಿರ ಗೌಡರು ನಿಧಾನ ಮಾಡಿದರು, ದಾಟಿದರು, ಒತ್ತಿದರು. ಟರ್ಬೊದ ಸಿಳ್ಳೆ ಆಗಲೇ ಶುರುವಾಯಿತು. ಕಾರು ಎಲ್ಲರನ್ನೂ ಹೊತ್ತುಕೊಂಡು, ಮರಿಯಾನೆ ಕೆರೆ ಏರಿ ಹತ್ತಿದ ಹಾಗೆ, ಬಿಗಿಯಾಗಿ ಹತ್ತಿಕೊಂಡು ತುದಿಗೆ ಬಂತು. ದಾರಿಯಲ್ಲಿ ನಿಂತಿದ್ದ ಗಂಡಸರು ಪಕ್ಕಕ್ಕೆ ಸರಿದರು. ಎತ್ತುಗಳು ಬೆದರಿ ಹಗ್ಗ ಎಳೆದುಕೊಂಡು ಹೊಲಕ್ಕೆ ಇಳಿದವು, ಕೃಷ್ಣಪ್ಪ ಅವುಗಳ ಹಿಂದೆ ಓಡಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೃಷ್ಣಪ್ಪ ಎತ್ತಿನ ಹಿಂದೆ ಓಡಿದ್ದರಿಂದ ಕಾರು ಹತ್ತಿದ್ದನ್ನು ಸರಿಯಾಗಿ ನೋಡಲಿಲ್ಲ ಎಂದು ಗೌಡರಿಗೆ ಅನುಮಾನ ಬಂತು. ತಿರುಗಿಸಿ ಇಳಿದು, ಮತ್ತೆ ಹತ್ತಿದರು. ಈ ಸಲ ಅವನು ನೋಡಿದ. ಆದರೆ ಅವನು ನಗಲೂ ಇಲ್ಲ, ಅಳಲೂ ಇಲ್ಲ, ಅದು ಗೌಡರಿಗೆ ಸಾಲದಾಯಿತು. ಅಷ್ಟರಲ್ಲಿ ಊರಿನ ಮಕ್ಕಳೆಲ್ಲ ಸೇರಿ ಇನ್ನೊಂದು ಸಲ ಎಂದು ಕೂಗುತ್ತಿದ್ದರು. ಗೌಡರು ಮತ್ತೆ ಇಳಿಸಿದರು. ಪ್ರತಿ ಸಲ ತುದಿಗೆ ಬಂದಾಗಲೂ ಆ ಮುದುಕಿ ಬೇಲಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು, ಪ್ರತಿ ಸಲವೂ ಮಗಳು ಕಾರಿನಲ್ಲಿ ಕೂತು ಹಿಂದಕ್ಕೆ ಹೋಗುತ್ತಿದ್ದಳು.

ಮೂರನೇ ಸಲ ಮೋರಿಯ ಹತ್ತಿರ ಕಾರು ನಿಧಾನವಾದಾಗ ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಗೌಡರು ಬ್ರೇಕ್ ಒತ್ತಿದರು. ಜಯಮ್ಮನವರು ಇಳಿದು ದ್ರಾಕ್ಷಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡರು.

"ಏಯ್, ಇಳೀಬಾರ್ದು ಕಣೆ. ಆಣೆ ಅದೆ," ಅಂದರು ಗೌಡರು.

ಜಯಮ್ಮನವರು ಕಿಟಕಿಯ ಹತ್ತಿರ ಬಂದು, ಜೋರು ಮಾಡದೆ ಹೇಳಿದರು: "ಉಣ್ಣೋಕೆ ಬರೋದಾದ್ರೆ ಬನ್ನಿ. ದಿಣ್ಣೆ ಅತ್ತೋದಾದ್ರೆ ಅತ್ತಾ ಇರಿ."

ಹೇಳಿ ನಡೆದರು. ಮಕ್ಕಳು ಇಳಿದು ಹಿಂದೆ ಓಡಿದವು. ತಂಗಿ ಇಳಿದಳು. ಗೌಡರ ತಾಯಿಯೂ ಮೊಣಕಾಲು ಹಿಡಿದುಕೊಂಡು ಇಳಿದು, "ನನಗೂ ಅಸಿವಾಗದೆ ಕಣಪ್ಪ" ಎಂದು ಹೊರಟರು. ಕಾರಿನಲ್ಲಿ ಉಳಿದವರು ಗೌಡರು, ನಾನು, ರಾಗಿ ಮೂಟೆ. ನಾವು ನೋಡುತ್ತಿದ್ದ ಹಾಗೇ ಜಯಮ್ಮನವರು ಬುಟ್ಟಿ ಹೊತ್ತು, ಒಂದು ಸಲವೂ ನಿಲ್ಲದೆ, ದಿಣ್ಣೆಯ ತುದಿ ಸೇರಿದರು. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ. ಮುದುಕಿ ಎರಡೂ ಕೈಯಲ್ಲಿ ಮಗಳ ಮುಖ ಸವರಿ ನೋಡುತ್ತಿದ್ದದ್ದು ಕೆಳಗಿನಿಂದಲೇ ಕಾಣಿಸಿತು.

ಗೌಡರು ಸ್ಟಿಯರಿಂಗಿನಿಂದ ಕೈ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಅನ್ಮಂತು, ನಡ್ಕಂಡೇ ಅತ್ತಬೌದಾಗಿತ್ತಲ್ಲೋ ಇದು," ಅಂದರು.

ಹೌದು ಗೌಡ್ರೇ ಅಂದೆ. ಕಾರನ್ನು ಮೋರಿಯ ಪಕ್ಕ ನಿಲ್ಲಿಸಿ, ರಾಗಿ ಮೂಟೆಯನ್ನು ಇಬ್ಬರೂ ಹಿಡಿದುಕೊಂಡು ನಡೆದು ಹತ್ತಿದೆವು. ಕೃಷ್ಣಪ್ಪ ಏನೋ ಹೇಳಲು ಬಾಯಿ ತೆಗೆದ. ಅವನ ಅಕ್ಕ ಒಮ್ಮೆ ತಿರುಗಿ ನೋಡಿದರು, ಅವನು ಬಾಯಿ ಮುಚ್ಚಿ ಮೂಟೆಗೆ ಕೈ ಕೊಟ್ಟ. ಮುದ್ದೆ, ಅವರೆಕಾಳಿನ ಸಾರು. ಗೌಡರು ಎರಡು ವರ್ಷದ್ದನ್ನು ಒಟ್ಟಿಗೇ ಉಂಡರು. ಅವರು ಏಳುವವರೆಗೆ ಅತ್ತೆ ಎದುರಿಗೇ ಕೂತಿದ್ದರು, ಮಗಳ ಸೆರಗು ಕೈಯಲ್ಲಿ ಹಿಡಿದುಕೊಂಡು.

ಆಮೇಲೆ ತಿಂಗಳಿಗೊಂದು ಸಲ ಜಯಮ್ಮನವರು ತವರಿಗೆ ಹೋಗುತ್ತಿದ್ದರಂತೆ, ಹೆಚ್ಚಾಗಿ ಬಸ್ಸಿನಲ್ಲಿ. ಗೌಡರು ಮಾತ್ರ ಭಾನುವಾರದ ದರ್ಶನದಲ್ಲಿ, ದಿಣ್ಣೆ ಹತ್ತಿಸಿದ್ದು ಈ ದಪ್ಪ ಪೈಪೇ ಎಂದು ಎಲ್ಲರಿಗೂ ಹೇಳುತ್ತಿದ್ದರು. ಅದನ್ನು ನಂಬಿ ಬಾಗಲೂರು, ಸೋಲದೇವನಹಳ್ಳಿ ಕಡೆಯಿಂದ ಎಷ್ಟೋ ಜನ ದಪ್ಪ ಪೈಪು ಕೇಳಿಕೊಂಡು ನಮ್ಮ ಅಂಗಡಿಗೆ ಬಂದರು. ಟರ್ಬೊ ಯಾರ ಹತ್ತಿರವೂ ಇರಲಿಲ್ಲ. ಒಬ್ಬ ಟ್ರ್ಯಾಕ್ಟರಿಗೆ ಕೇಳಿದ. ಇನ್ನೊಬ್ಬ ಮೊಪೆಡ್ಡಿಗೆ ಕೇಳಿದ. ಬೇಡವೆಂದು ಎಷ್ಟು ಹೇಳಿದರೂ ಆ ಮೊಪೆಡ್ಡಿನವನು ಹಾಕಿಸಿಕೊಂಡೇ ಹೋದ. ಅದು ಪೈಪಿನ ಭಾರಕ್ಕೆ ಎಡಗಡೆಗೇ ತಿರುಗುತ್ತಿತ್ತು.

ಆಮೇಲೆ ಬಗ್ಗಿಸುವ ಮೆಷಿನ್ ಬಂತು, ಬಾಣಲೆ ಮೂಲೆಗೆ ಸೇರಿತು, ಕಡಲೆಕಾಯಿಯನ್ನು ಅಂಗಡಿಯಿಂದ ಕೊಂಡು ತಿನ್ನುವ ಹಾಗಾಯಿತು. ಈಗ ಟರ್ಬೊ ಇಲ್ಲದ ಕಾರೇ ಕಡಿಮೆ, ಪೈಪಿನ ಅಳತೆಯನ್ನು ಕಂಪ್ಯೂಟರ್ ಹೇಳುತ್ತದೆ. ಹೇಳಲಿ. ಆದರೆ ಗಿರಾಕಿ ಬಂದು ಪೈಪು ಎಷ್ಟು ಇಂಚು ಬೇಕೆಂದು ಹೇಳಿದರೆ, ಹುಡುಗರೇ, ಟೇಪು ತೆಗೆಯುವ ಮುಂಚೆ ಒಂದು ಮಾತು ಕೇಳಿ: ಎಲ್ಲಿಗೆ ಹೋಗಬೇಕು, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ಈಗ ನನ್ನ ಹತ್ತಿರ ಇರುವುದು ಇಷ್ಟು. ಯಲಹಂಕದಲ್ಲಿ ಒಂದು ಮನೆ. ಹೆಂಡತಿ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮದುವೆಯಾದವರು, ಬಸ್ಸಿನಲ್ಲೇ ಬಂದು ಹೋಗುತ್ತಾರೆ. ಒಂದು ಗ್ಯಾಸ್ ವೆಲ್ಡಿಂಗ್ ಸೆಟ್ಟು, ಬಳಸುವುದಿಲ್ಲ, ಕೊಡುವುದೂ ಇಲ್ಲ. ಚೆನ್ನಾಗಿ ಕೇಳುವ ಒಂದು ಕಿವಿ. ಹತ್ತು ಬೆರಳು, ಹತ್ತೂ ಪೂರ್ತಿ. ಕಾರು ಇಲ್ಲ.